ಹೃದಯದ ರೋಗಿಗೆ ಕಿಡ್ನಿ ಪರೀಕ್ಷೆ ಏಕೆ?

ಕಾಲು ಊದಿಕೊಂಡು, ಮಲಗಿದರೆ ಉಸಿರುಕಟ್ಟಿ, ಕೂತೇ ರಾತ್ರಿ ಕಳೆದ ರೋಗಿಯನ್ನು ತುರ್ತು ಚಿಕಿತ್ಸಾ ಘಟಕಕ್ಕೆ ಕರೆತರುತ್ತಾರೆ. ಹೃದಯ ವೈಫಲ್ಯ ಏಕಾಏಕಿ ಉಲ್ಬಣಿಸಿದೆ. ವೈದ್ಯರು ಇಸಿಜಿ, ಎಕೋ ಜೊತೆಗೆ ಯೂರಿಯಾ, ಕ್ರಿಯಾಟಿನಿನ್ ಪರೀಕ್ಷೆಗೂ ರಕ್ತ ಕಳಿಸುತ್ತಾರೆ. ಇವೆರಡೂ ಕಿಡ್ನಿಯ ಪರೀಕ್ಷೆಗಳು. ರೋಗಿಯ ಮುಂದಿನ ದಿನಗಳು ಹೇಗಿರಬಹುದು ಎಂಬ ಸುಳಿವು ಎಷ್ಟೋ ಸಲ ಸಿಗುವುದು ಈ ವರದಿಯಲ್ಲೇ.

ಅಮೆರಿಕದಲ್ಲಿ ಇಂಥ ರೋಗಿಗಳ ವಿವರ ಕಲೆಹಾಕಿದ 'ಅಡ್‌ಹಿಯರ್' ಎಂಬ ದೊಡ್ಡ ದಾಖಲೆಯಿದೆ. ಅದರ 65 ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಗ್ರೆಗ್ ಫೊನಾರೊ ಮತ್ತು ಸಂಗಡಿಗರು ವಿಶ್ಲೇಷಿಸಿ 2005ರಲ್ಲಿ ಪ್ರಕಟಿಸಿದರು. ಆಸ್ಪತ್ರೆಯಲ್ಲೇ ಸಾವು ಸಂಭವಿಸುವ ಅಪಾಯವನ್ನು ಅಳೆಯಲು ಹತ್ತಾರು ಅಂಶಗಳ ಪೈಕಿ ಮೂರೇ ಸಾಕಾದವು: ರಕ್ತದ ಯೂರಿಯಾ ನೈಟ್ರೋಜನ್, ಬಿಪಿಯ ಮೇಲಿನ ಅಂಕಿ ಮತ್ತು ಕ್ರಿಯಾಟಿನಿನ್. ಮೂರರಲ್ಲಿ ಎರಡು ಕಿಡ್ನಿಗೆ ಸೇರಿದವು. ಅತಿ ಕಡಿಮೆ ಅಪಾಯದ ಗುಂಪಿನಲ್ಲಿ ಸಾವಿನ ಪ್ರಮಾಣ ಶೇ. 2ರಷ್ಟಿದ್ದರೆ, ಮೂರೂ ಅಂಶಗಳು ಕೆಟ್ಟಿದ್ದವರಲ್ಲಿ ಸುಮಾರು ಶೇ. 22. ಅದೇ ದಾಖಲೆಯ 1.18 ಲಕ್ಷ ಪ್ರಕರಣಗಳ ಇನ್ನೊಂದು ಅಧ್ಯಯನ 2007ರಲ್ಲಿ ಬಂತು. ಕಿಡ್ನಿಯ ಕೆಲಸ ಸಂಪೂರ್ಣ ಸಹಜವಾಗಿದ್ದವರು ಅದರಲ್ಲಿ ಶೇ. 9 ಮಾತ್ರ.

ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಕಿಡ್ನಿಗಳಿಗೇ ಹೋಗುತ್ತದೆ. ಹೃದಯ ಸೋತರೆ ಆ ಪಾಲು ಕಡಿಮೆಯಾಗಿ ಕಿಡ್ನಿ ಬಳಲುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಅದು ನಿಜವೇ, ಆದರೆ ಅರ್ಧ ನಿಜ. ದುರ್ಬಲ ಹೃದಯಕ್ಕೆ ಬಂದ ರಕ್ತವನ್ನೆಲ್ಲ ಮುಂದೆ ತಳ್ಳಲಾಗದೆ ಸಿರೆಗಳಲ್ಲಿ ಒತ್ತಡ ಏರುತ್ತದೆ. ಬಸಿಗಾಲುವೆ ಕಟ್ಟಿಕೊಂಡ ಗದ್ದೆಯ ಹಾಗೆ, ರಕ್ತ ಹೊರಹೋಗಲು ದಾರಿಯಿಲ್ಲದೆ ಕಿಡ್ನಿಯಲ್ಲೇ ತುಂಬಿಕೊಂಡು ಸೋಸುವ ಕೆಲಸ ಕುಂಠಿತವಾಗುತ್ತದೆ. ಸಿರೆಯ ಒತ್ತಡ ಏರಿಸಿದರೆ ಮೂತ್ರ ಇಳಿಯುತ್ತದೆ ಎಂಬುದನ್ನು ಎಫ್. ಆರ್. ವಿಂಟನ್ 1931ರಲ್ಲೇ, ದೇಹದಿಂದ ಬೇರ್ಪಡಿಸಿದ ಪ್ರಾಣಿಯ ಕಿಡ್ನಿಯಲ್ಲಿ ತೋರಿಸಿದ್ದರು. ಕ್ಲೀವ್‌ಲ್ಯಾಂಡ್‌ನಲ್ಲಿ 145 ರೋಗಿಗಳ ಮೇಲೆ ನಡೆದ 2009ರ ಅಧ್ಯಯನವೂ ಇದನ್ನೇ ಹೇಳಿತು: ಕಿಡ್ನಿ ಹದಗೆಡುವುದಕ್ಕೆ ಹೃದಯದ ಪಂಪಿಂಗ್ ಇಳಿದದ್ದಕ್ಕಿಂತ ಸಿರೆಗಳ ಒತ್ತಡ ಏರಿದ್ದೇ ಹೆಚ್ಚು ಹೊಣೆ.

ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸುವುದೂ ಇದೇ ಅರಿವು. ಸಿರೆಗಳ ಒತ್ತಡ ತಗ್ಗಿಸಲು, ನೀರು ಇಳಿಸುವ ಫ್ಯುರೋಸೆಮೈಡ್ ಚುಚ್ಚುಮದ್ದು ಕೊಟ್ಟ ಬಳಿಕ ದಾದಿಯರು ಮೂತ್ರದ ಚೀಲದ ಗೆರೆಗಳನ್ನು ಗಂಟೆಗಂಟೆಗೂ ನೋಡಿ ಬರೆದಿಡುತ್ತಾರೆ. ಮೊದಲ 6 ಗಂಟೆಗಳಲ್ಲಿ ಗಂಟೆಗೆ 100–150 ಮಿ.ಲೀ.ಗಿಂತ ಕಡಿಮೆ ಬಂದರೆ ಔಷಧ ಸಾಲದು ಎಂದರ್ಥ. ನೀರು ಇಳಿಯುತ್ತಿರುವಾಗ ಕ್ರಿಯಾಟಿನಿನ್ ತುಸು ಏರುವುದುಂಟು. ಅದನ್ನು ಕಂಡು ಕಿಡ್ನಿ ಹಾಳಾಯಿತೆಂದು ಮನೆಯವರು ಗಾಬರಿಯಾಗುತ್ತಾರೆ. 308 ರೋಗಿಗಳ 'ಡೋಸ್' ಪ್ರಯೋಗದಲ್ಲಿ (2011) ಹೆಚ್ಚಿನ ಪ್ರಮಾಣದ ಔಷಧ ಪಡೆದವರ ಪೈಕಿ ಶೇ. 23ರಷ್ಟು ಜನರಲ್ಲಿ, ಕಡಿಮೆ ಪಡೆದವರ ಪೈಕಿ ಶೇ. 14ರಷ್ಟು ಜನರಲ್ಲಿ ಈ ಏರಿಕೆ ಕಂಡಿತು. ಆದರೆ 60 ದಿನಗಳ ಹೊತ್ತಿಗೆ ಎರಡೂ ಗುಂಪುಗಳ ಕಿಡ್ನಿಯ ಸ್ಥಿತಿಯಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಊತ ಇಳಿದು, ಉಸಿರಾಟ ಹಗುರಾಗಿ ಕ್ರಿಯಾಟಿನಿನ್ ಕೊಂಚ ಏರಿದರೆ ಸಾಮಾನ್ಯವಾಗಿ ಅಷ್ಟು ಭಯಪಡಬೇಕಿಲ್ಲ. ನಿಜಕ್ಕೂ ಭಯಪಡಬೇಕಾದದ್ದು ಊತ ಹಾಗೇ ಉಳಿದು ಕ್ರಿಯಾಟಿನಿನ್ ಏರುತ್ತಾ ಹೋದಾಗ.

ಮನೆಗೆ ಮರಳಿದ ಮೇಲೆ ರೋಗಿಯ ಪಾಲಿನ ಕೆಲಸ ಶುರು. ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಬೇಕು. ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚಾದರೆ ಅದು ಕೊಬ್ಬಲ್ಲ, ನೀರು. ಕೂಡಲೇ ವೈದ್ಯರಿಗೆ ತಿಳಿಸಬೇಕು. ಮಂಡಿನೋವಿಗೆಂದು ಮೆಡಿಕಲ್ ಸ್ಟೋರ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು: ಅವು ಉಪ್ಪು, ನೀರನ್ನು ದೇಹದಲ್ಲೇ ಹಿಡಿದಿಟ್ಟು ಕಿಡ್ನಿಗೆ ಹೋಗುವ ರಕ್ತವನ್ನೂ ತಗ್ಗಿಸುತ್ತವೆ. ವರದಿಯಲ್ಲಿ ಕ್ರಿಯಾಟಿನಿನ್ ಏರಿದೆಯೆಂದು ನೀರು ಇಳಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದಂತೂ ಕೂಡದು. ಆ ತೀರ್ಮಾನವನ್ನು ಕಾಲಿನ ಊತ, ತೂಕ, ಬಿಪಿ ಎಲ್ಲವನ್ನೂ ಒಟ್ಟಿಗೆ ನೋಡಿದ ವೈದ್ಯರಿಗೇ ಬಿಡಬೇಕು.