ಸೊಂಟ ಮುರಿದ ಹಿರಿಯರಿಗೆ ಆಪರೇಶನ್ ಆಗಲ್ಲ ಅಂದ್ರೆ ನೋವಿಗೂ ಔಷಧ ಇಲ್ಲ ಅಂತಲ್ಲ

ಅಬ್ಬಿಗೇರಿ: ಎಂಬತ್ತು ದಾಟಿದ ಅಜ್ಜಿ ಬಚ್ಚಲದಾಗ ಜಾರಿ ಬೀಳ್ತಾಳೆ. ಎಕ್ಸ್‌ರೇ ತೆಗೆದರೆ ಸೊಂಟದ ಕೀಲಿನ ಹತ್ತಿರ ತೊಡೆ ಎಲುಬು ಮುರಿದಿರುತ್ತದೆ. ಹೃದಯ, ಕಿಡ್ನಿ ನೋಡಿದ ಡಾಕ್ಟರು ‘ಆಪರೇಶನ್ ತಡಕೊಳ್ಳೋದಿಲ್ಲ, ಮನಿಗೆ ಕರ್ಕೊಂಡು ಹೋಗ್ರಿ’ ಅಂತಾರೆ. ಆಮೇಲೆ ರಾತ್ರಿಯಿಡೀ ಅಜ್ಜಿ ನರಳೋದು ಓಣಿಗೆಲ್ಲ ಕೇಳಿಸುತ್ತದೆ.

ಹಾಗಂತ ವಯಸ್ಸೊಂದನ್ನೇ ನೋಡಿ ಆಪರೇಶನ್ ಬೇಡ ಅನ್ನಬಾರದು. ಹೆಚ್ಚಿನವರಿಗೆ ನೋವು ಇಳಿಸುವ ದೊಡ್ಡ ದಾರಿ ಅದೇ. ಗದಗ ಜಿಮ್ಸ್‌ನಲ್ಲೋ ಹುಬ್ಬಳ್ಳಿಯಲ್ಲೋ ಎಲುಬಿನ ಡಾಕ್ಟರ ಜೊತೆ ಅರಿವಳಿಕೆ ಡಾಕ್ಟರನ್ನೂ ಕೇಳಿ ನಿರ್ಧಾರ ಮಾಡಿ.

ನೆದರ್ಲೆಂಡ್ಸ್‌ನಲ್ಲಿ ತೀರಾ ನಿತ್ರಾಣರಾದ 172 ಹಿರಿಯರ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಡಾಕ್ಟರು, ಮನೆಯವರು ಕೂತು ಮಾತಾಡಿದ ಮೇಲೆ 88 ಮಂದಿಗೆ ಆಪರೇಶನ್ ಬೇಡ ಎಂದಾಯಿತು. ಅವರಲ್ಲಿ ಹೆಚ್ಚಿನವರು ಒಂದು ತಿಂಗಳೊಳಗೆ ತೀರಿಕೊಂಡರು, ಇದನ್ನು ಮುಚ್ಚಿಡೋದು ಬೇಡ. ಆದರೆ ಉಳಿದ ದಿನಗಳ ನೆಮ್ಮದಿ ಆಪರೇಶನ್ ಆದವರಿಗಿಂತ ಕಡಿಮೆ ಇರಲಿಲ್ಲ. ನೋವಿಗೆ ಸರಿಯಾಗಿ ಔಷಧ ಕೊಟ್ಟರೆ ಮಾತ್ರ ಆ ನೆಮ್ಮದಿ.

ಆ ಔಷಧ ಯಾವುದು? ಆಸ್ಪತ್ರೆಯಲ್ಲಿದ್ದಾಗಲೇ ‘ನರ್ವ್ ಬ್ಲಾಕ್’ ಕೇಳಿ. ಸ್ಕ್ಯಾನಿಂಗ್ ಮಷಿನ್‌ನಲ್ಲಿ ನೋಡುತ್ತ ತೊಡೆಸಂದಿಯ ಹತ್ತಿರ ಇಂಜೆಕ್ಷನ್ ಕೊಟ್ಟು ನೋವಿನ ನರಗಳನ್ನು ಮಂಕು ಮಾಡುತ್ತಾರೆ. ಹಲವು ತಾಸು ಆರಾಮ. ಮನೆಯಲ್ಲಿ ಪ್ಯಾರಾಸಿಟಮಾಲ್ ಅನ್ನು ನೋವು ಬಂದಾಗ ಅಲ್ಲ, ಡಾಕ್ಟರು ಹೇಳಿದ ಪ್ರಮಾಣದಲ್ಲಿ ಹೊತ್ತು ಹೊತ್ತಿಗೆ ಕೊಡಬೇಕು. ಸಾಲದಿದ್ದರೆ ಕಡಿಮೆ ಪ್ರಮಾಣದ ಮಾರ್ಫಿನ್ ಇದೆ. 2014ರಲ್ಲಿ ಕಾನೂನು ತಿದ್ದುಪಡಿ ಆದ ಮೇಲೆ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳೋದು ಸುಲಭವಾಗಿದೆ. ಚಟ ಹತ್ತುತ್ತದೆ ಅಂತ ಈ ವಯಸ್ಸಿನಲ್ಲಿ ಹೆದರೋದ್ಯಾಕೆ? ಮಲ ಕಟ್ಟುತ್ತದೆ, ಅದಕ್ಕೂ ಗುಳಿಗೆ ಬರೆಸಿಕೊಳ್ಳಿ.

ಮೆಡಿಕಲ್ ಶಾಪ್‌ನವರಿಗೆ ಒಂದು ವಿನಂತಿ. ಚೀಟಿ ಇಲ್ಲದೆ ಡೈಕ್ಲೋಫೆನಾಕ್ ಕೊಡಬೇಡ್ರಿ, ಮುದುಕರ ಕಿಡ್ನಿಗೆ, ಹೊಟ್ಟೆಗೆ ಅದು ಕೆಟ್ಟದ್ದು. ಎಣ್ಣೆ ಹಚ್ಚಿ ತಿಕ್ಕೋದು, ಕಾಲು ಜಗ್ಗೋದು ಬೇಡವೇ ಬೇಡ.

ಮೈ ಒರೆಸುವ, ಬಟ್ಟೆ ಬದಲಿಸುವ ಅರ್ಧ ತಾಸು ಮೊದಲೇ ಗುಳಿಗೆ ಕೊಡಿ. ಮಗ್ಗಲು ಬದಲಿಸುವಾಗ ಕಾಲುಗಳ ನಡುವೆ ದಿಂಬಿಟ್ಟು, ಇಬ್ಬರು ಸೇರಿ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ. ಮರೆವು ಇದ್ದವರು ನೋವನ್ನು ಬಾಯಿಬಿಟ್ಟು ಹೇಳೋದಿಲ್ಲ. ಮುಖ ಕಿವುಚೋದು, ಚಾದರ ಗಟ್ಟಿ ಹಿಡಿಯೋದು, ಊಟ ಬಿಡೋದು ಕಂಡರೆ ಅದು ಹಟ ಅಲ್ಲ, ನೋವು.

ಡಿಸ್ಚಾರ್ಜ್ ಆಗುವಾಗ ಡಾಕ್ಟರನ್ನು ಕೇಳಿಯೇ ಹೊರಡಿ: ‘ರಾತ್ರಿ ನೋವು ಜಾಸ್ತಿ ಆದ್ರ ಏನ್ ಕೊಡಬೇಕ್ರಿ? ಯಾರಿಗೆ ಫೋನ್ ಮಾಡಬೇಕ್ರಿ?’