ಕಾರು ನಡುದಾರಿಯಲ್ಲಿ ನಿಂತಾಗ: ದುರಸ್ತಿ ವೆಚ್ಚದ ನ್ಯಾಯಬದ್ಧ ಲೆಕ್ಕ

ಸರಕು ಖರೀದಿಯ ಇನ್‌ವಾಯ್ಸಿನಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಕಂಡರೂ ಸರಬರಾಜುದಾರರಿಗೆ ದೂರವಾಣಿ ಮಾಡುವ ನಮ್ಮ ವ್ಯಾಪಾರಿ ಮಿತ್ರರು, ಕಾರಿನ ದುರಸ್ತಿ ಬಿಲ್ಲನ್ನು ಮಾತ್ರ ಓದದೆಯೇ ಪಾವತಿಸುತ್ತಾರೆ. ಲೆಕ್ಕಪರಿಶೋಧನೆಯಲ್ಲಿ ವೋಚರುಗಳನ್ನು ಪರಿಶೀಲಿಸುವಾಗ ವರ್ಷವರ್ಷವೂ ನನ್ನ ಗಮನಕ್ಕೆ ಬರುವ ಸಂಗತಿಯಿದು. ಇಂಜಿನ್ನಿನ ವಿಷಯ ತಮಗೆ ತಿಳಿಯದು ಎಂಬುದು ಅವರು ನೀಡುವ ಸಮಜಾಯಿಷಿ. ಬಿಲ್ಲಿನ ವಿಷಯ ತಿಳಿಯದು ಎಂದು ಮಾತ್ರ ಅವರು ಹೇಳುವಂತಿಲ್ಲ.

ದುರಸ್ತಿಗಳ ಪೈಕಿ ಅತ್ಯಂತ ಹೆಚ್ಚು ಹಣ ವ್ಯರ್ಥವಾಗುವುದು, ಓಡುತ್ತಿರುವ ಕಾರು ಇದ್ದಕ್ಕಿದ್ದಂತೆ ಬಂದ್ ಬೀಳುವ ದೋಷದಲ್ಲಿ. ಟೈರು ಸವೆದರೆ ಕಣ್ಣಿಗೆ ಕಾಣುತ್ತದೆ, ಬ್ರೇಕು ಸವೆದರೆ ಸದ್ದಾಗುತ್ತದೆ. ಆದರೆ ಹೆದ್ದಾರಿಯಲ್ಲಿ ನಿಂತ ಕಾರು ಅರ್ಧ ಗಂಟೆಯ ನಂತರ ತಾನಾಗಿಯೇ ಚಾಲನೆಗೊಂಡು, ಸರ್ವಿಸ್ ಸೆಂಟರಿನಲ್ಲಿ ಎರಡು ದಿನ ಯಾವ ತೊಂದರೆಯನ್ನೂ ತೋರದೆ ಇರಬಲ್ಲದು. ಅಪಾಯವೂ ಸಣ್ಣದಲ್ಲ. ಇಂಜಿನ್ ನಿಂತೊಡನೆ ಸ್ಟಿಯರಿಂಗ್ ಬಿಗಿಯಾಗುತ್ತದೆ. ಒಂದೆರಡು ಬಾರಿ ತುಳಿದ ಮೇಲೆ ಬ್ರೇಕಿಗೆ ದೊರೆಯುವ ನೆರವೂ ಇಲ್ಲವಾಗುತ್ತದೆ.

ಇಂಜಿನ್ನಿಗೆ ಇಂಧನ, ಗಾಳಿ, ಕಿಡಿ ಇವು ಮೂರೂ ಸಕಾಲದಲ್ಲಿ ದೊರೆಯಬೇಕು. ಇವುಗಳನ್ನು ಹೊಂದಿಸುವುದು ಸೆನ್ಸರುಗಳ ಸೂಚನೆಯನ್ನು ಅವಲಂಬಿಸಿದ ಒಂದು ಗಣಕ ಘಟಕ. ಕಾರು ಯಾವ ಸನ್ನಿವೇಶದಲ್ಲಿ ನಿಲ್ಲುತ್ತದೆ ಎಂಬುದರಿಂದಲೇ ಬಹಳಷ್ಟು ಸುಳಿವು ದೊರೆಯುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬಂದ್ ಆಗುವುದಾದರೆ ಥ್ರಾಟಲ್ ಭಾಗದಲ್ಲಿ ಇಂಗಾಲ ಕಟ್ಟಿರುವ ಸಂಭವ ಹೆಚ್ಚು. ಏರಿನಲ್ಲಿ ಅಥವಾ ವೇಗ ಹೆಚ್ಚಿಸುವಾಗ ಸೊರಗಿ ನಿಂತರೆ ಇಂಧನ ಪಂಪು, ಫಿಲ್ಟರುಗಳನ್ನು ಶಂಕಿಸಬೇಕು. ದೀಪ, ರೇಡಿಯೋ ಸಹಿತ ಎಲ್ಲವೂ ಒಮ್ಮೆಗೇ ಆರಿದರೆ ಬ್ಯಾಟರಿಯ ಟರ್ಮಿನಲ್, ಅರ್ಥಿಂಗ್ ತಂತಿ ಇತ್ಯಾದಿಗಳತ್ತ ನೋಡಬೇಕು. ಬಿಸಿಯಾದಾಗ ನಿಂತು, ತಣಿದ ಮೇಲೆ ಮತ್ತೆ ಚಾಲನೆಗೊಳ್ಳುವುದು ಕ್ರ್ಯಾಂಕ್ ಶಾಫ್ಟ್ ಸೆನ್ಸರಿನ ಚಿರಪರಿಚಿತ ಲಕ್ಷಣ. ಇವು ಅಂತಿಮ ತೀರ್ಮಾನಗಳಲ್ಲವಾದರೂ, ಮಾಲೀಕನು ಖರ್ಚಿಲ್ಲದೆ ಒದಗಿಸಬಲ್ಲ ಸಾಕ್ಷ್ಯಗಳು.

ಹುಬ್ಬಳ್ಳಿಯ ನನ್ನ ಕಕ್ಷಿದಾರರೊಬ್ಬರ ಏಳು ವರ್ಷ ಹಳೆಯ ಪೆಟ್ರೋಲ್ ಕಾರು 2024ರ ಮಳೆಗಾಲದಲ್ಲಿ ಒಂದೇ ತಿಂಗಳೊಳಗೆ ಮೂರು ಬಾರಿ ನಿಂತಿತು. ಮೂರನೆಯ ಬಾರಿ ನಿಂತದ್ದು ರಾತ್ರಿ, ಧಾರವಾಡ ಬೈಪಾಸಿನಲ್ಲಿ, ವೃದ್ಧ ತಾಯಿಯವರು ಹಿಂದಿನ ಆಸನದಲ್ಲಿದ್ದಾಗ. ಹಿಂದೆ ಬರುತ್ತಿದ್ದ ಲಾರಿಯ ಚಾಲಕ ಸಮಯಕ್ಕೆ ಸರಿಯಾಗಿ ಪಕ್ಕಕ್ಕೆ ಎಳೆದುಕೊಂಡಿದ್ದರಿಂದ ಅನಾಹುತ ತಪ್ಪಿತು. ಅಷ್ಟರಲ್ಲಾಗಲೇ ಡೀಲರರ ಸರ್ವಿಸ್ ಸೆಂಟರಿಗೆ ಎರಡು ಬಾರಿ ಹೋಗಿ ಬಂದಾಗಿತ್ತು. ಮೂರನೆಯ ಭೇಟಿಯೂ ಆಯಿತು. ಇಂಧನ ಪಂಪಿಗೆ 11,600 ರೂ., ಇಗ್ನಿಷನ್ ಕಾಯಿಲುಗಳಿಗೆ 9,200 ರೂ., ಬ್ಯಾಟರಿಗೆ 6,800 ರೂ., ಥ್ರಾಟಲ್ ಮತ್ತು ಇಂಜೆಕ್ಟರ್ ಶುದ್ಧೀಕರಣಕ್ಕೆ 4,300 ರೂ., ಕೂಲಿ 5,100 ರೂ., ಹೀಗೆ ತೆರಿಗೆ ಸೇರಿ ಒಟ್ಟು 37,000 ರೂ. ಪಾವತಿಯಾಯಿತು. ಕಾರು ಮತ್ತೆ ನಿಂತಿತು. ಕಡೆಗೆ ಗೋಕುಲ ರಸ್ತೆಯ ಸ್ವತಂತ್ರ ಮೆಕ್ಯಾನಿಕ್ ಒಬ್ಬರು ಇಂಜಿನ್ನನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ನಿಂತ ಮೇಲೆ ಸ್ಟಾರ್ಟರ್ ತಿರುಗಿಸುತ್ತಾ ಸ್ಕ್ಯಾನರ್ ನೋಡಿದರು. ಇಂಜಿನ್ ತಿರುಗುತ್ತಿದ್ದರೂ ಪರದೆಯ ಮೇಲೆ ವೇಗ ಸೊನ್ನೆಯಿತ್ತು. ಕ್ರ್ಯಾಂಕ್ ಸೆನ್ಸರನ್ನು ಬದಲಿಸಿ, ಕೂಲಿ ಸಹಿತ 2,300 ರೂ. ಪಡೆದರು. ಆ ಬಳಿಕ ಕಾರು ನಿಂತಿಲ್ಲ.

ಇದರಲ್ಲಿ ಮೋಸವಿತ್ತೆಂದು ನಾನು ಹೇಳಲಾರೆ. ಊಹೆಯಿತ್ತು, ಆ ಊಹೆಯ ಖರ್ಚನ್ನು ಗ್ರಾಹಕರು ಭರಿಸಿದರು. ಜಾಬ್ ಕಾರ್ಡುಗಳನ್ನು ತರಿಸಿ ನೋಡಿದಾಗ ಮೊದಲ ಭೇಟಿಯಲ್ಲಿಯೇ “ಬಿಸಿಯಾದಾಗ ನಿಲ್ಲುತ್ತದೆ” ಎಂಬ ದೂರು ದಾಖಲಾಗಿತ್ತು. ಕಾಯಿಲುಗಳನ್ನು ಪರೀಕ್ಷಿಸಿದ ಬಗ್ಗೆ ಒಂದು ಸಾಲೂ ಇರಲಿಲ್ಲ. ಈ ಎರಡು ಅಂಶಗಳನ್ನು ಮಾತ್ರ ಆಧರಿಸಿ ಬರೆದ ಪತ್ರಕ್ಕೆ ಸ್ಪಂದಿಸಿ ಡೀಲರರು ಕಾಯಿಲು ಮತ್ತು ಕೂಲಿಯ 14,300 ರೂ. ಹಿಂದಿರುಗಿಸಿದರು. ಪಂಪಿನ ಹಣ ಬರಲಿಲ್ಲ. ಹಳೆಯ ಪಂಪನ್ನು ಕೇಳಿ ಪಡೆದಿರಲಿಲ್ಲವಾದ್ದರಿಂದ ಅದು ಸುಸ್ಥಿತಿಯಲ್ಲಿತ್ತೆಂದು ತೋರಿಸಲು ಯಾವ ಆಧಾರವೂ ಉಳಿದಿರಲಿಲ್ಲ.

ದೋಷ ಪತ್ತೆಗೆ ಪ್ರತ್ಯೇಕ ಶುಲ್ಕ ಕೊಡಲು ನಮ್ಮಲ್ಲಿ ಬಹುತೇಕರು ಒಪ್ಪುವುದಿಲ್ಲ. ಸಲಹೆಗೆ ಶುಲ್ಕವೇಕೆಂದು ಕೇಳುವ ಕಕ್ಷಿದಾರರನ್ನು ಮೂವತ್ತು ವರ್ಷಗಳಿಂದ ಕಂಡಿರುವ ನನಗೆ ಇದು ಆಶ್ಚರ್ಯ ತರುವುದಿಲ್ಲ. ಆದರೆ ಪತ್ತೆಗೆ ಹಣವಿಲ್ಲವೆಂದಾಗ ಸರ್ವಿಸ್ ಸೆಂಟರಿಗೆ ಉಳಿಯುವ ಸಂಪಾದನೆಯ ಮಾರ್ಗ ಬಿಡಿಭಾಗಗಳ ಮಾರಾಟವೊಂದೇ. ಎರಡು ಗಂಟೆಗಳ ಪರೀಕ್ಷೆಯ ಕೂಲಿಯನ್ನು ಒಪ್ಪಿಕೊಂಡು, ಪರೀಕ್ಷೆಯ ಫಲಿತಾಂಶವನ್ನೂ ಅಂದಾಜು ವೆಚ್ಚವನ್ನೂ ಲಿಖಿತವಾಗಿ ಪಡೆದು, ತದನಂತರವೇ ಬಿಡಿಭಾಗ ಬದಲಾವಣೆಗೆ ಸಹಿ ಹಾಕುವುದು ಕ್ಷೇಮಕರ. ಸ್ಕ್ಯಾನರು ತೋರುವ ದೋಷಸಂಕೇತವೇ ತೀರ್ಪಲ್ಲ. ಅದು ಯಾವ ಸರ್ಕ್ಯೂಟಿನಲ್ಲಿ ತೊಡಕಿದೆ ಎಂದಷ್ಟೇ ಹೇಳುತ್ತದೆ. ತಂತಿ ಸಡಿಲವಿದ್ದರೂ ಸಂಕೇತ ಅದೇ ಬರಬಹುದು. ಕೂಲಿಯನ್ನು ಸಾಮಾನ್ಯವಾಗಿ ತಯಾರಕರು ನಿಗದಿಪಡಿಸಿದ ಪ್ರಮಾಣಿತ ಸಮಯದ ಮೇಲೆ ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ಒಂದೇ ಭಾಗವನ್ನು ಕಳಚಿ ಎರಡು ಕೆಲಸ ಮಾಡಿದಲ್ಲಿ ಕಳಚುವ ಕೂಲಿ ಎರಡು ಬಾರಿ ಬಿದ್ದಿದೆಯೇ ಎಂದು ಕೇಳುವುದು ಗ್ರಾಹಕರ ಹಕ್ಕು.

ಹಣ ಕೊಡುವ ಮೊದಲು ಚಾಸಿಸ್ ಸಂಖ್ಯೆಯನ್ನು ಕೊಟ್ಟು, ತಯಾರಕರು ಆ ವಾಹನವನ್ನು ಉಚಿತ ದುರಸ್ತಿಗಾಗಿ ಹಿಂದಕ್ಕೆ ಕರೆದಿದ್ದಾರೆಯೇ ಎಂದು ವಿಚಾರಿಸಬೇಕು. 2020ರ ಜುಲೈನಲ್ಲಿ ಮಾರುತಿ ಸುಜುಕಿ ಸಂಸ್ಥೆಯು ವ್ಯಾಗನ್-ಆರ್ ಮತ್ತು ಬಲೆನೊ ಮಾದರಿಯ 1,34,885 ಕಾರುಗಳನ್ನೂ, 2021ರ ಏಪ್ರಿಲ್‌ನಲ್ಲಿ ಹೋಂಡಾ ಸಂಸ್ಥೆಯು 77,954 ಕಾರುಗಳನ್ನೂ ಇಂಧನ ಪಂಪಿನ ದೋಷಕ್ಕಾಗಿಯೇ ಕರೆಸಿಕೊಂಡಿದ್ದವು. ಇಂತಹ ಕಾರನ್ನು ಎರಡನೆಯವರಿಂದ ಕೊಂಡವರಿಗೆ ಆ ಸೂಚನಾಪತ್ರ ತಲುಪದೇ ಇರುವ ಸಾಧ್ಯತೆ ಹೆಚ್ಚು.

ಹೊರಗಿನ ಮೆಕ್ಯಾನಿಕ್ಕನಿಂದ ದುರಸ್ತಿ ಮಾಡಿಸಿದರೆ ವಾರಂಟಿಯೇ ರದ್ದಾಗುತ್ತದೆ ಎಂಬ ಮಾತನ್ನು ಸದಸ್ಯರನೇಕರು ಕೇಳಿರಬಹುದು. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂ. ದಂಡ ವಿಧಿಸಿದಾಗ ಈ ಅಂಶವನ್ನೂ ಪರಿಗಣಿಸಿತ್ತು. ಬಿಡಿಭಾಗಗಳು ಮತ್ತು ಪರೀಕ್ಷಾ ಉಪಕರಣಗಳು ಸ್ವತಂತ್ರ ಗ್ಯಾರೇಜುಗಳಿಗೂ ದೊರೆಯಬೇಕು, ಹೊರಗೆ ದುರಸ್ತಿಯಾಯಿತೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ನಿರಾಕರಿಸಕೂಡದು ಎಂಬುದು ಆಯೋಗದ ನಿರ್ದೇಶನ. ಆದೇಶವು ಬಳಿಕ ಮೇಲ್ಮನವಿ ಹಾಗೂ ನ್ಯಾಯಾಲಯಗಳ ಮೆಟ್ಟಿಲೇರಿತಾದರೂ ಅದರ ತರ್ಕವನ್ನು ಪತ್ರವ್ಯವಹಾರದಲ್ಲಿ ಧಾರಾಳವಾಗಿ ಉಲ್ಲೇಖಿಸಬಹುದು.

ಮಾತುಕತೆ ಫಲಿಸದಿದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ವಯ ಜಿಲ್ಲಾ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ ಐದು ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. ಕಾರು ಕಂಪನಿಯ ಹೆಸರಿನಲ್ಲಿದೆ, ಹೀಗಾಗಿ ತಾವು ಗ್ರಾಹಕರಲ್ಲ ಎಂಬ ಆಕ್ಷೇಪಣೆ ಎದುರಾಗುವುದುಂಟು. ನಿರ್ದೇಶಕರ ಬಳಕೆಗಾಗಿ ಕಂಪನಿ ಕೊಂಡ ಕಾರನ್ನು ಕೇವಲ ಆ ಕಾರಣಕ್ಕೆ ವಾಣಿಜ್ಯ ಉದ್ದೇಶದ ಖರೀದಿಯೆನ್ನಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ತೀರ್ಪಿತ್ತಿದೆ.

ಇನ್ನು ತೆರಿಗೆಯ ಮಾತು. ಬಿಡಿಭಾಗಗಳ ಮೇಲೆ ಶೇ. 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ, ಹಳೆಯ ದಾಸ್ತಾನಿನ ಪೊಟ್ಟಣದ ಮೇಲೆ ಮುದ್ರಿತವಾದ ಹಳೆಯ ಬೆಲೆಯನ್ನೇ ವಸೂಲು ಮಾಡಿದ್ದರೆ ಪ್ರಶ್ನಿಸಿ. ಚಾಲಕ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿಗೆ ತೆತ್ತ ತೆರಿಗೆಯ ಹುಟ್ಟುವಳಿ ಜಮೆ, ವಾಹನ ಮಾರಾಟ, ಪ್ರಯಾಣಿಕರ ಸಾಗಣೆ ಅಥವಾ ಚಾಲನಾ ತರಬೇತಿಯ ವ್ಯವಹಾರವುಳ್ಳವರ ಹೊರತು ಇತರರಿಗೆ ಸಾಮಾನ್ಯವಾಗಿ ಲಭಿಸದು. ಸರಕು ವಾಹನಗಳಿಗೆ ಈ ನಿರ್ಬಂಧವಿಲ್ಲ. ಆದಾಯ ತೆರಿಗೆಯಲ್ಲಿ ದುರಸ್ತಿ ವೆಚ್ಚ ಕಳೆಯಲು ಅವಕಾಶವಿದ್ದರೂ, ಪಾಲುದಾರರ ಸ್ವಂತ ಓಡಾಟದ ಭಾಗವನ್ನು ಅಧಿಕಾರಿಗಳು ತಳ್ಳಿಹಾಕುವುದರಿಂದ ಓಡಾಟದ ಪುಸ್ತಕ ಇಡುವುದು ಹೇಗೂ ಅವಶ್ಯ. ಅದರಲ್ಲಿಯೇ ಇನ್ನೊಂದು ಅಂಕಣ ಹಾಕಿ, ಕಾರು ನಿಂತ ದಿನಾಂಕ, ಸ್ಥಳ, ಎಷ್ಟು ದೂರ ಓಡಿದ ಮೇಲೆ ನಿಂತಿತು, ಎಷ್ಟು ಹೊತ್ತಿನ ನಂತರ ಚಾಲನೆಗೊಂಡಿತು ಎಂಬುದನ್ನು ಬರೆಯಲು ಚಾಲಕರಿಗೆ ತಿಳಿಸಬಹುದು.