ಗಜನಿಯ ಕೆಸರಿನಲ್ಲಿರುವ ಸೀಗಡಿಯ ಮೇವು



ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯ ಅಂಚಿನ ಗಜನಿ ಭೂಮಿಗಳಲ್ಲಿ ವರ್ಷಕ್ಕೆ ಎರಡು ಫಸಲು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಸೀಗಡಿ ಮತ್ತು ಮೀನು. ಭತ್ತದ ಬೀಜವನ್ನು ನೀವು ಚೆಲ್ಲುತ್ತೀರಿ. ಸೀಗಡಿಯ ಮರಿಯನ್ನು ಉಬ್ಬರದ ನೀರು ತಂದು ಕೊಡುತ್ತದೆ. ಆದರೆ ಬಂದ ಮರಿ ಬೆಳೆಯಬೇಕಾದರೆ ಮೇವು ಬೇಕು. ಆ ಮೇವಿನ ಬಹುಪಾಲು ನಿಮ್ಮ ಗದ್ದೆಯ ಕೆಸರಿನಲ್ಲೇ ಹುಟ್ಟುತ್ತದೆ.

ಮೇವಿನ ಜೀವಿಗಳು ಯಾವುವು?

ಸೀಗಡಿ ಮತ್ತು ಏಡಿಗಳ ಬಳಗಕ್ಕೇ ಸೇರಿದ, ಅವುಗಳಿಗಿಂತ ಬಹಳ ಸಣ್ಣ ಜೀವಿಗಳು ಇಲ್ಲಿವೆ. ಕೋಪಿಪಾಡ್‌ಗಳು ಸಾಮಾನ್ಯವಾಗಿ ಒಂದೆರಡು ಮಿಲಿಮೀಟರಿಗಿಂತ ದೊಡ್ಡವಲ್ಲ. ಆಂಫಿಪಾಡ್‌ಗಳು ಕೆಲವು ಮಿಲಿಮೀಟರ್ ಉದ್ದ. ಮೈ ಎರಡೂ ಪಕ್ಕದಿಂದ ಚಪ್ಪಟೆ. ಕೊಳೆತ ಹುಲ್ಲು ಮತ್ತು ಪಾಚಿ ಇವುಗಳ ಆಹಾರ. ಸೀಗಡಿಯ ಮರಿ ಇವುಗಳನ್ನೂ ಹುಳುಗಳನ್ನೂ ತಿಂದು ಬೆಳೆಯುತ್ತದೆ.

ಸಂಖ್ಯೆ ಏರಿಳಿಯುವ ಬಗೆ

ಯಾವುದೇ ಜೀವಿಯ ಸಂಖ್ಯೆಯನ್ನು ಹುಟ್ಟು, ಸಾವು, ಒಳಬರುವಿಕೆ ಮತ್ತು ಹೊರಹೋಗುವಿಕೆ ಎಂಬ ನಾಲ್ಕು ಸಂಗತಿಗಳು ನಿರ್ಧರಿಸುತ್ತವೆ. ಸೀಗಡಿಯು ಸಮುದ್ರದಲ್ಲಿ ಮೊಟ್ಟೆಯಿಡುತ್ತದೆ. ಹುಲಿ ಸೀಗಡಿಯ ಒಂದು ಹೆಣ್ಣು ಒಮ್ಮೆಗೆ ಲಕ್ಷಗಟ್ಟಲೆ ಮೊಟ್ಟೆಯಿಡಬಲ್ಲದು. ಗಜನಿಗೆ ಅದರ ಮರಿ ಬರುವುದು ಹೊರಗಿನಿಂದ. ಈ ವರ್ಷ ನಾಶವಾದರೂ ಮುಂದಿನ ಉಬ್ಬರಗಳು ಹೊಸ ಮರಿಗಳನ್ನು ತರಬಲ್ಲವು.

ಆಂಫಿಪಾಡ್ ಹಾಗಲ್ಲ. ಹೆಣ್ಣು ತನ್ನ ಹೊಟ್ಟೆಯ ಕೆಳಗಿನ ಚೀಲದಲ್ಲಿ ಮೊಟ್ಟೆಗಳನ್ನು ಹೊರುತ್ತದೆ. ಮರಿಗಳು ತಾಯಿಯ ರೂಪದಲ್ಲೇ ಹೊರಬಂದು ಅಲ್ಲೇ ನೆಲೆಸುತ್ತವೆ. ಒಂದು ಹೆಣ್ಣಿಗೆ 20 ಮರಿ, ಅದರಲ್ಲಿ 10 ಹೆಣ್ಣು ಎಂದಿಟ್ಟುಕೊಳ್ಳಿ. ಎಲ್ಲವೂ ಬದುಕಿದರೆ ಮೂರನೆಯ ತಲೆಮಾರಿಗೆ 1,000 ಹೆಣ್ಣುಗಳಾಗುತ್ತವೆ. ಮೀನು ಮತ್ತು ಸೀಗಡಿ ತಿನ್ನುವುದರಿಂದ ಅಷ್ಟು ಉಳಿಯುವುದಿಲ್ಲ. ತಿಂದ ಪಾಲೇ ನಿಮಗೆ ಸೀಗಡಿಯ ತೂಕವಾಗಿ ಸಿಗುತ್ತದೆ. ಆದರೆ ತಾಯಿಗಳೇ ಇಲ್ಲವಾದರೆ ಈ ಲೆಕ್ಕ ಸೊನ್ನೆಯಿಂದ ಆರಂಭವಾಗಬೇಕು. ಹೊರಗಿನಿಂದ ಬಂದು ಮತ್ತೆ ನೆಲೆಯೂರುವುದು ನಿಧಾನ.

ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಉಪ್ಪುನೀರಿನ ಜೀವಿಗಳು ಕಡಿಮೆಯಾಗುತ್ತವೆ. ಮಳೆ ನಿಂತು ಉಪ್ಪು ಏರಿದಂತೆ ಉಳಿದವುಗಳಿಂದ ಮತ್ತೆ ಹೆಚ್ಚುತ್ತವೆ. ಇದು ಸಹಜ ಏರಿಳಿತ, ಇದಕ್ಕೆ ಹೆದರಬೇಕಿಲ್ಲ.

ಕೀಟನಾಶಕದ ಅಪಾಯ

ಕೀಟಗಳೂ ಸೀಗಡಿ ಬಳಗವೂ ಸಂಧಿಪದಿಗಳೆಂಬ ಒಂದೇ ದೊಡ್ಡ ಗುಂಪಿನವು. ಆದ್ದರಿಂದ ಕೀಟಕ್ಕೆ ಹೊಡೆದ ಔಷಧಿ ಇವನ್ನೂ ಕೊಲ್ಲುತ್ತದೆ. ಸೈಪರ್‌ಮೆಥ್ರಿನ್‌ನಂತಹ ಔಷಧಿಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಇವುಗಳಿಗೆ ವಿಷ. ಭತ್ತಕ್ಕೆಂದು ಸಿಂಪಡಿಸಿದ್ದರ ನಷ್ಟ ಸೀಗಡಿಯ ಫಸಲಿನಲ್ಲಿ ಕಾಣಬಹುದು. ಆಗ ಉಬ್ಬರವನ್ನು ದೂರಿ ಪ್ರಯೋಜನವಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಕಗ್ಗದ ತೆನೆಯನ್ನಷ್ಟೇ ಕೊಯ್ದು ದಂಟನ್ನು ಗದ್ದೆಯಲ್ಲೇ ಬಿಡುವ ಹಿರಿಯರ ರೂಢಿಯನ್ನು ಮುಂದುವರಿಸಿ. ಕೊಳೆತ ದಂಟು ಈ ಜೀವಿಗಳ ಆಹಾರ.

2. ಗಜನಿಯಲ್ಲಿ ಕೀಟನಾಶಕ ಬಳಸಬೇಡಿ. ಮೇಲಿನ ತೋಟಕ್ಕೆ ಹೊಡೆದದ್ದು ಹರಿದು ಬರದಂತೆಯೂ ನೋಡಿಕೊಳ್ಳಿ.

3. ಸೀಗಡಿ ಹಿಡಿಯಲು ನೀರು ಇಳಿಸುವಾಗ ತಗ್ಗಿನ ಕಾಲುವೆಗಳಲ್ಲಿ ಸ್ವಲ್ಪ ನೀರು ನಿಲ್ಲಲಿ. ಇಡೀ ಕೆಸರು ಬಿಸಿಲಿಗೆ ಒಣಗಿ ಬಿರಿದರೆ ತಾಯಿಗಳೂ ಉಳಿಯವು.

4. ತೂಬಿಗೆ ಅತಿ ಸಣ್ಣ ಕಣ್ಣಿನ ಬಲೆ ಕಟ್ಟಬೇಡಿ. ಮರಿ ಸೀಗಡಿಗೆ ಬೆಲೆಯೂ ಇಲ್ಲ, ಬೆಳೆಯುವ ಅವಕಾಶವೂ ತಪ್ಪುತ್ತದೆ.

ನೀವೇ ಪರೀಕ್ಷಿಸಿ

ಮೇಲ್ಪದರದ ಒಂದು ಹಿಡಿ ಕೆಸರನ್ನು ತೆಳುವಾದ ಬಟ್ಟೆಯಲ್ಲಿ ಹಾಕಿ, ಗದ್ದೆಯ ನೀರಿನಲ್ಲೇ ಅಲುಗಾಡಿಸಿ ತೊಳೆಯಿರಿ. ಉಳಿದದ್ದನ್ನು ಬಿಳಿ ತಟ್ಟೆಯ ನೀರಿಗೆ ಬಿಡಿ. ಮಗ್ಗುಲಾಗಿ ಈಜುವ ಸಣ್ಣ ಜೀವಿಗಳು ಕಂಡರೆ ಎಣಿಸಿ ಬರೆದಿಡಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಎಣಿಸಿದರೆ ಏರಿಳಿತ ನಿಮಗೇ ತಿಳಿಯುತ್ತದೆ.

ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆನಿಸಿತು. ಅದರ ಕೆಸರಿನ ಕಾವಲು ಮಾತ್ರ ಗಜನಿಯ ರೈತರ ಕೈಯಲ್ಲಿಯೇ ಇದೆ. ಮುಂದಿನ ಸೀಗಡಿಯ ಫಸಲಿಗೆ ತಾಯಿ ಜೀವಿಗಳನ್ನು ಉಳಿಸಿರಿ.